ಹಸಿ ಮಡಕೆಯನ್ನು ತಟ್ಟಿ ನೋಡುವವರು

ಪಂಢರಪುರಕ್ಕೆ ನಡೆದು ಹೋಗುವ ವಿಠ್ಠಲನ ಭಕ್ತರಾದ ವಾರಕರಿಗಳು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವ ಕಥೆ ಇದು. ತೇರ್ ಊರಿನ ಗೋರಾ ಕುಂಬಾರರ ಮನೆಯಲ್ಲಿ ಸಂತರೆಲ್ಲ ಸೇರಿದ್ದಾರೆ. ನಿವೃತ್ತಿನಾಥರು, ಜ್ಞಾನೇಶ್ವರರು, ಸೋಪಾನದೇವರು, ಅವರ ಪುಟ್ಟ ತಂಗಿ ಮುಕ್ತಾಬಾಯಿ, ಜೊತೆಗೆ ಪಂಢರಪುರದ ನಾಮದೇವರು. ಮೂಲೆಯಲ್ಲಿ ಬಿದ್ದಿದ್ದ ಮರದ ಹಲಗೆಯನ್ನು ನೋಡಿ ಮುಕ್ತಾಬಾಯಿ ಕೇಳುತ್ತಾಳೆ, 'ಇದೇನು ಕಾಕಾ?' ಮಡಕೆ ಬೆಂದಿದೆಯೋ ಹಸಿಯೋ ಎಂದು ತಟ್ಟಿ ನೋಡುವ ಹಲಗೆ ಅದು. 'ಹಾಗಾದರೆ ಇಲ್ಲಿ ಕೂತಿರುವ ಮಡಕೆಗಳನ್ನೂ ಒಮ್ಮೆ ನೋಡಿಬಿಡಿ' ಎನ್ನುತ್ತಾಳೆ ಹುಡುಗಿ. ಗೋರೋಬಾ ಎದ್ದು ಒಬ್ಬೊಬ್ಬರ ತಲೆಯ ಮೇಲೂ ತಟ್ಟುತ್ತ ಬರುತ್ತಾರೆ. ಎಲ್ಲರೂ ಸುಮ್ಮನೆ ಕೂತಿರುತ್ತಾರೆ. ನಾಮದೇವರು ಮಾತ್ರ ಸಿಡಿದೇಳುತ್ತಾರೆ. 'ಇದೊಂದು ಇನ್ನೂ ಹಸಿ' ಎಂದು ಕುಂಬಾರರ ತೀರ್ಪು. ನಾಮದೇವರು ಅಳುತ್ತ ಪಂಢರಪುರಕ್ಕೆ ಓಡಿ ವಿಠ್ಠಲನ ಮುಂದೆ ದೂರು ಒಯ್ದರೆ, ಅವನೂ ಸಮಾಧಾನ ಹೇಳುವುದಿಲ್ಲ. ಔಂಢಾ ನಾಗನಾಥಕ್ಕೆ ಹೋಗಿ ವಿಸೋಬಾ ಖೇಚರರನ್ನು ನೋಡು ಎಂದು ಸಾಗಹಾಕುತ್ತಾನೆ.

ಕಥೆ ನಡೆದದ್ದೋ ಕಟ್ಟಿದ್ದೋ, ಆ ಲೆಕ್ಕ ಬೇರೆ. ನಾಮದೇವರು ಹಸಿ ಅನ್ನಿಸಿಕೊಂಡದ್ದು ಭಕ್ತಿ ಸಾಲದೆ ಅಲ್ಲ. ವಿಠ್ಠಲ ಅವರ ಕೈಯಿಂದ ನೈವೇದ್ಯ ತಿಂದವನು, ಅವರೊಡನೆ ಮಾತಿಗೆ ಮಾತು ಕೊಡುವವನು. ಅಷ್ಟು ಸಲಿಗೆ. ದೇವರ ಸಂಗವೂ ಕೇವಲ ಹಿತವಾದ ಸಂಗವಾಗಿ ನಿಂತುಬಿಡಬಹುದು ಎಂದು ಹೇಳುವ ಧೈರ್ಯ ಈ ಕಥೆಗಿದೆ. ಸತ್ಸಂಗದ ಬಗ್ಗೆ ನಮ್ಮಲ್ಲಿ ಬಂದಿರುವ ನೂರಾರು ಉಪದೇಶಗಳಿಗಿಂತ ನನಗೆ ಇದು ಮುಖ್ಯವಾಗಿ ಕಂಡಿದೆ.

ಒಳ್ಳೆಯ ಸಂಗವೂ ಹಿತವಾದ ಸಂಗವೂ ಒಂದೇ ಆಗಿರುವ ಭಾಗ್ಯ ಕೆಲವರಿಗಿರುತ್ತದೆ. ಉಳಿದವರು ಆರಿಸಿಕೊಳ್ಳಬೇಕಾಗುತ್ತದೆ. ಯಾವುದನ್ನು ಆರಿಸಿದರೆ ಏನು ಸಿಗುತ್ತದೆ, ಏನು ಕಳೆಯುತ್ತದೆ ಎಂದು ನೋಡಲು ಪುಣೆಯಷ್ಟು ಅನುಕೂಲದ ಊರು ಅಪರೂಪ. ಒಂದು ಪಕ್ಕದಲ್ಲಿ ಜ್ಞಾನೇಶ್ವರರು 1296ರಲ್ಲಿ ಸಮಾಧಿಯಾದ ಆಳಂದಿ, ಇನ್ನೊಂದು ಪಕ್ಕದಲ್ಲಿ ತುಕಾರಾಮರ ದೇಹು. ನಡುವಿನ ನಗರದಲ್ಲಿ ಕಳೆದ ನೂರು ವರ್ಷಗಳಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು, ಯೋಗದ ಗುರುಗಳು, ಆಶ್ರಮ ಕಟ್ಟಿದವರು, ಆಶ್ರಮ ಬಿಟ್ಟವರು ಎಲ್ಲರೂ ಬಂದುಹೋಗಿದ್ದಾರೆ. ಅವರಲ್ಲಿ ಇಬ್ಬರು ದೊಡ್ಡವರು ನಮ್ಮ ಕನ್ನಡನಾಡಿನಿಂದ ಹೋದವರು.

ಶಾಸ್ತ್ರಗಳು ಈ ವಿಷಯದಲ್ಲಿ ಜಿಪುಣತನ ಮಾಡಿಲ್ಲ. ಯೋಗವಾಸಿಷ್ಠ ಮೋಕ್ಷದ ಬಾಗಿಲಿಗೆ ನಾಲ್ವರು ಕಾವಲುಗಾರರನ್ನು ಹೇಳುತ್ತದೆ. ಶಮ, ವಿಚಾರ, ಸಂತೋಷ, ಸಾಧುಸಂಗ. ಪಾಲಿ ಸುತ್ತವೊಂದರಲ್ಲಿ ಆನಂದ, ಕಲ್ಯಾಣಮಿತ್ರರ ಸಹವಾಸವೆಂದರೆ ಧರ್ಮಜೀವನದ ಅರ್ಧ ಭಾಗ ಎಂದಾಗ ಬುದ್ಧ ಅವನನ್ನು ತಿದ್ದಿ, ಅರ್ಧವಲ್ಲ, ಪೂರ್ತಿ ಎನ್ನುತ್ತಾನೆ. ಸರ್ವಜ್ಞ ಸಜ್ಜನರ ಸಂಗವನ್ನು ಹೆಜ್ಜೇನಿಗೆ ಹೋಲಿಸಿದ್ದನ್ನು ನಾವೆಲ್ಲ ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೇವೆ. ಆದರೆ ಶೂನ್ಯಸಂಪಾದನೆ ತೋರಿಸುವ ಕಲ್ಯಾಣದಲ್ಲಿ ಜೇನು ಅಷ್ಟು ಸುಲಭಕ್ಕೆ ಕೈಗೆ ಬರುವುದಿಲ್ಲ. ಮನೆ, ಮಾನ, ಬಟ್ಟೆ ಎಲ್ಲ ಬಿಟ್ಟು ಅಷ್ಟು ದೂರ ನಡೆದು ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಬಾಗಿಲಲ್ಲೇ ನಿಲ್ಲಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ. ಬಟ್ಟೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ ಎಂಬುದನ್ನೂ ಬಿಡುವುದಿಲ್ಲ. ಶರಣರ ಸಂಗ ಬೇಕೆಂದು ಬಂದವಳಿಗೆ ಸಿಕ್ಕ ಮೊದಲ ಸ್ವಾಗತ ಅದು. ಅವಳೂ ಬಿಟ್ಟುಕೊಡುವವಳಲ್ಲ. ಉತ್ತರಕ್ಕೆ ಉತ್ತರ ಕೊಟ್ಟು, ಆಮೇಲೆ ಒಳಗೆ ಹೋಗುತ್ತಾಳೆ.

ಇನ್ನು ನಿಂದಕರು. ನಿಂದಕರು ಇದ್ದರೇ ಒಳ್ಳೆಯದು ಎಂದು ಪುರಂದರದಾಸರು ಹಾಡಿದ್ದಾರೆ, ಕಬೀರರೂ ಹೇಳಿದ್ದಾರೆ. ಒಪ್ಪೋಣ. ಆದರೆ ನಿಂದಕನಿಂದ ನಮಗೆ ಉಪಯೋಗವಾಗುವುದು ಅವನ ಉದ್ದೇಶದಿಂದಲ್ಲ. ಗೋರೋಬಾ ನಿಂದಕನಲ್ಲ. ಮಡಕೆ ಬೇಯಲಿ ಎಂದು ಬಯಸುವವನ ಕೈಯ ಪೆಟ್ಟು ಬೇರೆ, ಒಡೆಯಲಿ ಎಂದು ಬಯಸುವವನದು ಬೇರೆ. ತಟ್ಟಿಸಿಕೊಂಡ ತಲೆಗೆ ಆ ಹೊತ್ತಿನಲ್ಲಿ ಎರಡೂ ಒಂದೇ ಥರ ನೋಯುತ್ತವೆ ಎನ್ನುವುದೇ ಈ ಇಡೀ ಪ್ರಶ್ನೆಯ ತೊಡಕು.

ಪುಣೆಗೆ ಬರೋಣ. ಪ್ರತಿ ವರ್ಷ ಜ್ಯೇಷ್ಠ ಬಹುಳದಲ್ಲಿ ದೇಹುವಿನಿಂದ ತುಕಾರಾಮರ ಪಾದುಕೆಗಳ ಪಲ್ಲಕ್ಕಿ ಹೊರಡುತ್ತದೆ, ಮರುದಿನ ಆಳಂದಿಯಿಂದ ಜ್ಞಾನೇಶ್ವರರದು. ಎರಡೂ ಪುಣೆಯಲ್ಲಿ ತಂಗುತ್ತವೆ. ತುಕೋಬರದು ನಾನಾ ಪೇಠೆಯ ನಿವಡುಂಗ್ಯಾ ವಿಠೋಬಾ ಗುಡಿಯಲ್ಲಿ, ಮಾವುಲಿ ಎನ್ನಿಸಿಕೊಂಡ ಜ್ಞಾನೇಶ್ವರರದು ಭವಾನಿ ಪೇಠೆಯ ಪಾಲಖಿ ವಿಠೋಬಾ ಗುಡಿಯಲ್ಲಿ. ಅಲ್ಲಿಂದ ಮುಂದೆ ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ. ಆಳಂದಿಯಿಂದ ಲೆಕ್ಕ ಹಾಕಿದರೆ ಸುಮಾರು 250 ಕಿಲೋಮೀಟರ್ ನಡಿಗೆ. ದೇಹುವಿನ ಪಲ್ಲಕ್ಕಿಯ ಪದ್ಧತಿ ಹಾಕಿದವರು ತುಕಾರಾಮರ ಮಗ ನಾರಾಯಣ ಮಹಾರಾಜರು, 1685ರಲ್ಲಿ. ಆಳಂದಿಯದಕ್ಕೆ ಇಂದಿನ ರೂಪ ಕೊಟ್ಟವರು ಹತ್ತೊಂಬತ್ತನೆಯ ಶತಮಾನದ ಹೈಬತಬಾಬಾ ಆರಫಳಕರ್, ಶಿಂದೆಯವರ ದರ್ಬಾರಿನಲ್ಲಿದ್ದ ಸರದಾರರು. ದಂಡಿನ ಶಿಸ್ತು ಬಲ್ಲವರು ಕಟ್ಟಿದ್ದು ಎಂಬುದು ಮೆರವಣಿಗೆಯನ್ನು ನೋಡಿದರೇ ಗೊತ್ತಾಗುತ್ತದೆ. ಮಾವುಲಿಯ ಮುಂದೆ ನಡೆಯುವ ಕುದುರೆಗಳು ಬರುವುದು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಸರದಾರರ ಮನೆಯಿಂದ. ವರ್ಷವರ್ಷವೂ ಕೃಷ್ಣೆಯ ದಡದಿಂದ ಇಂದ್ರಾಯಣಿಯ ದಡಕ್ಕೆ ಅವು ನಡೆದೇ ಹೋಗುತ್ತವೆ.

ವಾರಕರಿ ಒಬ್ಬನೇ ನಡೆಯುವವನಲ್ಲ. ಅವನು ಒಂದು ದಿಂಡಿಗೆ, ಅಂದರೆ ಹಾಡುತ್ತ ಒಟ್ಟಿಗೆ ನಡೆಯುವ ಗುಂಪಿಗೆ, ಸೇರಿದವನು. ದಿಂಡಿಗೆ ಅದರದೇ ಸ್ಥಾನ, ಅದರದೇ ನಂಬರು. ರಥದ ಮುಂದಿನ ದಿಂಡಿ ಹಿಂದೆ ಹೋಗುವಂತಿಲ್ಲ, ಹಿಂದಿನದು ಮುಂದೆ ಬರುವಂತಿಲ್ಲ. ಒಬ್ಬರ ಕೈಯಲ್ಲಿ ವೀಣೆ, ಉಳಿದವರ ಕೈಯಲ್ಲಿ ತಾಳ, ತಲೆಯ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು. ಈ ಜನ ಒಬ್ಬರನ್ನೊಬ್ಬರು ಆರಿಸಿಕೊಂಡವರಲ್ಲ. ಗೊರಕೆ ಹೊಡೆಯುವವರು, ಸಾಲು ತಪ್ಪಿಸುವವರು, ತಾಳ ತಪ್ಪುವವರು ಎಲ್ಲರೂ ಇರುತ್ತಾರೆ. ಮಳೆಯಲ್ಲಿ ನೆನೆದ ಗುಡಾರದೊಳಗೆ ಅವರ ಪಕ್ಕದಲ್ಲೇ ಮಲಗಬೇಕು, ಬೆಳಿಗ್ಗೆ ಎದ್ದು ಅವರದೇ ಕಾಲು ಮುಟ್ಟಿ ನಮಸ್ಕರಿಸಬೇಕು. ವಯಸ್ಸು, ಜಾತಿ, ಅಂತಸ್ತು ನೋಡದೆ ಒಬ್ಬರ ಕಾಲಿಗೆ ಒಬ್ಬರು ಬೀಳುವುದು ಅಲ್ಲಿಯ ರೂಢಿ.

ಸಂಜೆ ಬಿಡಾರಕ್ಕೆ ಬಂದ ಮೇಲೆ ಜ್ಞಾನೇಶ್ವರರ ಪಲ್ಲಕ್ಕಿಯಲ್ಲಿ ಸಮಾಜ ಆರತಿ ನಡೆಯುತ್ತದೆ. ಪಲ್ಲಕ್ಕಿಯ ಸುತ್ತ ದಿಂಡಿಗಳೆಲ್ಲ ನಿಲ್ಲುತ್ತವೆ, ಸಾವಿರಾರು ತಾಳಗಳು ಒಟ್ಟಿಗೆ ಬಡಿಯುತ್ತಿರುತ್ತವೆ. ಮೆರವಣಿಗೆಯ ಶಿಸ್ತು ನೋಡಿಕೊಳ್ಳುವ ಚೋಪದಾರರು ಬೆಳ್ಳಿಯ ದಂಡ ಎತ್ತಿದೊಡನೆ ಎಲ್ಲವೂ ನಿಲ್ಲಬೇಕು, ನಿಲ್ಲುತ್ತದೆ. ಆದರೆ ಯಾವುದಾದರೂ ದಿಂಡಿಗೆ ದೂರು ಇದ್ದರೆ ಅದು ತಾಳ ನಿಲ್ಲಿಸುವುದಿಲ್ಲ. ಅಷ್ಟು ದೊಡ್ಡ ನಿಶ್ಶಬ್ದದಲ್ಲಿ ಆ ಒಂದೇ ಮೂಲೆಯ ತಾಳ ಕೇಳುತ್ತಲೇ ಇರುತ್ತದೆ. ಚೋಪದಾರರು ಅಲ್ಲಿಗೆ ಹೋಗಿ, ಏನಾಯಿತು ಎಂದು ಕೇಳಿ, ದಾರಿ ಬಿಡದವರ ತಕರಾರೋ ಜಾಗದ ತಕರಾರೋ ಬಗೆಹರಿಸಿದ ಮೇಲೆಯೇ ಆರತಿ. ಲಕ್ಷಾಂತರ ಜನರ ಸಂಗವನ್ನು ನೂರೈವತ್ತಕ್ಕೂ ಹೆಚ್ಚು ವರ್ಷ ಒಟ್ಟಿಗೆ ಹಿಡಿದಿಟ್ಟದ್ದು ಭಜನೆಯ ಮಾಧುರ್ಯ ಎಂದು ಬರೆಯುವುದು ಸುಲಭ. ನನಗೆ ಅನುಮಾನ. ದೂರು ಹೇಳಲು ಆರತಿಯನ್ನೇ ತಡೆಹಿಡಿಯಬಹುದು ಎಂಬ ಕಟ್ಟಳೆಗೆ ಅದರಲ್ಲಿ ದೊಡ್ಡ ಪಾಲಿದೆ.

ಹಾಗೆಂದು ದಿಂಡಿಯನ್ನು ದೇವಲೋಕ ಮಾಡುವುದೂ ಬೇಡ. ಮಾಡಗೊಡದ ಸಾಕ್ಷಿ ಪುಣೆಯಲ್ಲೇ ಇದ್ದರು. 'ಯುಗಾಂತ'ದ ಮೂಲಕ ಕನ್ನಡಿಗರಿಗೂ ಪರಿಚಿತರಾದ ಇರಾವತಿ ಕರ್ವೆ, ಡೆಕ್ಕನ್ ಕಾಲೇಜಿನ ಮಾನವಶಾಸ್ತ್ರಜ್ಞೆ, ಒಂದು ದಿಂಡಿಯ ಜೊತೆ ಪಂಢರಪುರಕ್ಕೆ ನಡೆದರು. ಅದರ ಬಗ್ಗೆ ಅವರು ಮರಾಠಿಯಲ್ಲಿ ಬರೆದ ಪ್ರಬಂಧ 1962ರಲ್ಲಿ ಇಂಗ್ಲಿಷಿಗೂ ಬಂದು ಜಗತ್ತಿನ ವಿದ್ವಾಂಸರೆಲ್ಲ ಓದಿದರು. ಹಾಡುವಾಗ ಒಂದೇ ಆಗಿದ್ದ ದಿಂಡಿ ಊಟದ ಹೊತ್ತಿಗೆ ಎರಡಾಗುತ್ತಿತ್ತು. ಬ್ರಾಹ್ಮಣರ ಅಡುಗೆ ಒಂದು ಕಡೆ, ಮರಾಠರದು ಇನ್ನೊಂದು ಕಡೆ. ಅದೇ ಅಭಂಗ, ಅದೇ ವಿಠ್ಠಲ, ಎರಡು ಒಲೆ. ಈ ಸಂಕಟ ದಿನದಿನವೂ ಅವರನ್ನು ಕಾಡಿತು. ಅವರು ಹೋಗಿ ಮರಾಠ ಹೆಂಗಸರ ಜೊತೆ ಊಟಕ್ಕೆ ಕೂತ ಮೇಲೆ ಆ ಹೆಂಗಸರ ಸಲಿಗೆ ಹೆಚ್ಚಿತು. ಕೈ ಹಿಡಿದುಕೊಂಡು ನಡೆಯುತ್ತ ತಮ್ಮ ಮನೆಯ ಕಷ್ಟಸುಖ ಹೇಳಿಕೊಂಡರು, ಕೊನೆಕೊನೆಗೆ 'ತಾಯಿ' ಎಂದು ಕರೆದರು. ಅಂದರೆ ಮರಾಠಿಯಲ್ಲಿ ಅಕ್ಕ. ಸಂತರ ಸಂಗದೊಳಗೂ ಜನ ತಮ್ಮ ಹಿತದ ಸಂಗವನ್ನು ಗುಟ್ಟಾಗಿ ಕಟ್ಟಿಕೊಳ್ಳುತ್ತಾರೆ, ಅದನ್ನು ದಾಟಲು ಮತ್ತೊಮ್ಮೆ ಎದ್ದು ಹೋಗಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಬರಹ ನಾನು ಓದಿಲ್ಲ.

ಎದ್ದು ಹೋಗಿ ಕೂರಲು ಜಾಗವೇ ಇಲ್ಲದವರ ಕಥೆ ಬೇರೆ. ನಾಮದೇವರ ಒಡನಾಡಿ, ದಲಿತ ಸಂತ ಚೋಖಾಮೇಳರು ಮಂಗಳವೇಢೆಯಲ್ಲಿ, ನಮ್ಮ ಬಸವಣ್ಣನವರು ಇದ್ದ ಅದೇ ಮಂಗಳವಾಡದಲ್ಲಿ, ಗೋಡೆ ಕುಸಿದು ತೀರಿಕೊಂಡರು. ನಾಮದೇವರು ಅವರ ಅಸ್ಥಿಯನ್ನು ಪಂಢರಪುರಕ್ಕೆ ತಂದರೂ ಸಮಾಧಿ ಆದದ್ದು ಗುಡಿಯ ಮಹಾದ್ವಾರದ ಹೊರಗೆ. ದಲಿತರಿಗೆ ಆ ಬಾಗಿಲು ತೆರೆಯಲು 1947ರಲ್ಲಿ ಸಾನೆ ಗುರೂಜಿಯವರು ಉಪವಾಸ ಕೂರಬೇಕಾಯಿತು. ಏಳು ವರ್ಷಗಳ ನಂತರ, 1954ರ ಡಿಸೆಂಬರ್ 25ರಂದು, ತುಕಾರಾಮರ ಊರಿನ ಪಕ್ಕದ ದೇಹು ರೋಡಿನಲ್ಲಿ ಅಂಬೇಡ್ಕರ್ ಬುದ್ಧನ ಮೂರ್ತಿ ಪ್ರತಿಷ್ಠಾಪಿಸಿದರು. ಬಾಗಿಲಾಚೆ ಕಾಯುವುದನ್ನು ಬಿಟ್ಟು ಬೇರೆಯೇ ಸಂಗ ಕಟ್ಟಿಕೊಳ್ಳುವುದೂ ಸತ್ಸಂಗದ ಚರಿತ್ರೆಯ ಭಾಗ. 1970ರ ದಶಕದ ಕೊನೆಯಿಂದ ಪುಣೆಯ ದಾಪೋಡಿಯಲ್ಲಿ ಬೆಳೆದ ಆಗ ತ್ರೈಲೋಕ್ಯ ಬೌದ್ಧ ಮಹಾಸಂಘ ಎನ್ನಿಸಿಕೊಳ್ಳುತ್ತಿದ್ದ ಬಳಗದವರು ಕಲ್ಯಾಣಮಿತ್ರ ಎಂಬ ಹಳೆಯ ಮಾತನ್ನು ದಿನದಿನದ ಆಚರಣೆಯಾಗಿ ಮಾಡಿಕೊಂಡಿದ್ದಾರೆ. ಜೊತೆಗಾರನ ತಪ್ಪನ್ನು ಅವನಿಗೇ ಹೇಳುವುದು ಅಲ್ಲಿ ಗೆಳೆತನದ ಕರ್ತವ್ಯ.

ತುಕಾರಾಮರ ಸುತ್ತ ಇದ್ದವರನ್ನು ಗಮನಿಸಿ. ತಾಳ ಹಿಡಿದು ಜೊತೆಗೆ ಹಾಡುತ್ತಿದ್ದ ಹದಿನಾಲ್ವರು, ಅವರಲ್ಲಿ ಚಾಕಣದ ಗಾಣಿಗ ಸಂತಾಜಿ ಜಗನಾಡೆ ಅಭಂಗಗಳನ್ನು ಬರೆದಿಟ್ಟವರು. ಎದುರು ನಿಂತವರು ವಾಘೋಲಿಯ ರಾಮೇಶ್ವರ ಭಟ್ಟರು, ದೇಹುವಿನ ಮಂಬಾಜಿ. ರಾಮೇಶ್ವರ ಭಟ್ಟರು ಆಮೇಲೆ ಶಿಷ್ಯರಾದರು. ಇವರೆಲ್ಲರ ನಡುವೆ ನನ್ನ ಗಮನ ಹೋಗುವುದು ಇಬ್ಬರು ಹೆಂಗಸರ ಕಡೆ. ಒಬ್ಬರು ಬಹಿಣಾಬಾಯಿ. ಕೊಲ್ಹಾಪುರದಲ್ಲಿದ್ದಾಗ ಕನಸಿನಲ್ಲಿ ತುಕಾರಾಮರನ್ನು ಕಂಡು ಗುರುವೆಂದು ಒಪ್ಪಿದ ಬ್ರಾಹ್ಮಣ ಹೆಣ್ಣುಮಗಳು. ಶೂದ್ರ ಗುರುವೆಂದರೆ ಗಂಡನಿಗೆ ಉರಿ, ಹೊಡೆತ ಬಿದ್ದಿತು. ಆದರೂ ಕುಟುಂಬ ದೇಹುವಿಗೆ ಬಂತು, ಅಲ್ಲಿ ಮಂಬಾಜಿಯ ಕಾಟ. ಇದನ್ನೆಲ್ಲ ಅವರೇ ತಮ್ಮ ಆತ್ಮಕಥೆಯ ಅಭಂಗಗಳಲ್ಲಿ ಹೇಳಿಕೊಂಡಿದ್ದಾರೆ. ಗಮನಿಸಬೇಕಾದ ಸಂಗತಿ, ಆಕೆ ಗಂಡನನ್ನು ಬಿಡಲಿಲ್ಲ, ಗುರುವನ್ನೂ ಬಿಡಲಿಲ್ಲ. ಒಳ್ಳೆಯ ಸಂಗ ಬೇಕೆಂದರೆ ಮನೆ ಬಿಟ್ಟು ಓಡಬೇಕು ಎಂಬ ಸನ್ಯಾಸಿಗಳ ಸೂತ್ರಕ್ಕೆ ಆಕೆಯ ಬದುಕು ಹೊಂದುವುದಿಲ್ಲ.

ಇನ್ನೊಬ್ಬಳು ತುಕಾರಾಮರ ಹೆಂಡತಿ ಜಿಜಾಯಿ, ಜನ ಆವಲಿ ಎಂದು ಕರೆಯುವವಳು. ಕೀರ್ತನಕಾರರ ಬಾಯಲ್ಲಿ ಆಕೆ ಬಯ್ಗುಳದ ಮೂಟೆ, ಗಂಡನ ಭಕ್ತಿಗೆ ಅಡ್ಡಿ. ಆದರೆ ಅದೇ ಕೀರ್ತನಕಾರರು ಹೇಳುವ ಕಥೆಯಲ್ಲೇ ಆಕೆ ಬಿಸಿಲಲ್ಲಿ ಬುತ್ತಿ ಹೊತ್ತು ಭಂಡಾರ ಗುಡ್ಡ ಹತ್ತಿ ಗಂಡನನ್ನು ಹುಡುಕಿ ಉಣ್ಣಿಸುತ್ತಾಳೆ. 1630ರ ಹೊತ್ತಿನ ಭೀಕರ ಬರದಲ್ಲಿ ಅಂಗಡಿ ಮುಳುಗಿತ್ತು, ಮೊದಲ ಹೆಂಡತಿ ಹಸಿವಿನಿಂದ ಸತ್ತಿದ್ದಳು, ಸಾಲದ ಪತ್ರಗಳನ್ನು ಗಂಡ ಇಂದ್ರಾಯಣಿಗೆ ಎಸೆದಿದ್ದ. ಮಕ್ಕಳಿಗೆ ಏನು ಹಾಕಲಿ ಎಂದು ಕೇಳಿದವಳು ಅವಳೊಬ್ಬಳೇ. ಆಧ್ಯಾತ್ಮಿಕ ಬದುಕಿನಲ್ಲಿ ಕಹಿ ಮಾತಾಡುವವರು ಗುರುಗಳಾಗಿದ್ದರೆ ಅದು ಕೃಪೆ, ಹೆಂಡತಿಯಾಗಿದ್ದರೆ ಕಿರುಕುಳ. ಈ ಲೆಕ್ಕಾಚಾರವನ್ನು ನಾವು ಮುನ್ನೂರೈವತ್ತು ವರ್ಷದಿಂದ ಪ್ರಶ್ನಿಸದೆ ಒಪ್ಪಿಕೊಂಡು ಬಂದಿದ್ದೇವೆ.

ಈಗ ಕನ್ನಡಿಗರು. ರಾಮಚಂದ್ರ ದತ್ತಾತ್ರೇಯ ರಾನಡೆ 1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿದರು. ಮನೆಮಾತು ಮರಾಠಿ, ಊರ ಮಾತು ಕನ್ನಡ. ಹದಿನೈದರ ಹುಡುಗನಾಗಿದ್ದಾಗ, 1901ರಲ್ಲಿ, ಉಮದಿಯ ಭಾವುಸಾಹೇಬ ಮಹಾರಾಜರಿಂದ ನಾಮದೀಕ್ಷೆ ಸಿಕ್ಕಿತು. ಆಮೇಲೆ ಪುಣೆಯ ಡೆಕ್ಕನ್ ಕಾಲೇಜು, 1914ರಲ್ಲಿ ಎಂ.ಎ., ಫರ್ಗ್ಯೂಸನ್ ಕಾಲೇಜಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕ ಹುದ್ದೆ. ಅದೇ ವರ್ಷಗಳಲ್ಲಿ ಅದೇ ಕಾಲೇಜಿನಲ್ಲಿ ಓದುತ್ತಿದ್ದವರು ಬೇಂದ್ರೆ. ರಾನಡೆಯವರು ಉಪನಿಷತ್ತುಗಳ ಮೇಲೆ ಇಂಗ್ಲಿಷಿನಲ್ಲಿ ಬರೆದ ದೊಡ್ಡ ಗ್ರಂಥ 1926ರಲ್ಲಿ ಪುಣೆಯಿಂದ ಬಂತು. ಅದನ್ನು ಕನ್ನಡಕ್ಕೆ ತಂದವರು ಬೇಂದ್ರೆಯವರೇ. ಪ್ಲೇಟೋ, ಹೆರಾಕ್ಲಿಟಸ್, ಬರ್ಗ್‌ಸನ್ ಬಲ್ಲ ವಿದ್ವಾಂಸರ ನಡುವೆ ರಾನಡೆಯವರಿಗೆ ಹಿತವಾದ ಜಾಗ ಸಿದ್ಧವಾಗಿತ್ತು. 1927ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯ ಕರೆಯಿತು, ಮುಂದೆ ಅಲ್ಲಿ ಕುಲಪತಿಯೂ ಆದರು.

ಆದರೆ ಅವರು ತಮ್ಮ ಸಂಗ ಎಂದು ಹಿಡಿದದ್ದು ಬೇರೆಯದನ್ನು. ನಿಂಬರಗಿ, ಇಂಚಗೇರಿ, ಉಮದಿ, ಜಿಗಜಿವಣಿ ಎಂಬ ಬಿಸಿಲು ಸೀಮೆಯ ಊರುಗಳ ರೈತರು, ಕುಲಕರ್ಣಿಗಳು, ಸಣ್ಣ ವ್ಯಾಪಾರಿಗಳ ಸಾಧಕ ಬಳಗ. ಲಿಂಗಾಯತರಾದ ನಿಂಬರಗಿ ಮಹಾರಾಜರಿಂದ ದೇಶಸ್ಥ ಬ್ರಾಹ್ಮಣರಾದ ಭಾವುಸಾಹೇಬರಿಗೆ ಬಂದ ಪರಂಪರೆ ಅದು. ಸಪ್ತಾಹಗಳಲ್ಲಿ ಕನ್ನಡದ ಪದ, ಮರಾಠಿಯ ಅಭಂಗ ಎರಡೂ. ದಿನಕ್ಕೆ ಮೂರು ಹೊತ್ತಿನ ಭಜನೆ, ದಾಸಬೋಧದ ಪಾರಾಯಣ, ಗಂಟೆಗಟ್ಟಲೆ ನಾಮಸ್ಮರಣೆಯ ನೇಮ. ಅಲ್ಲಿ ಪಾಂಡಿತ್ಯಕ್ಕೆ ಮಣೆಯಿಲ್ಲ. ನೇಮ ನಡೆಯಿತೇ ಇಲ್ಲವೇ ಎನ್ನುವ ಒಂದೇ ಪ್ರಶ್ನೆ. ಸೊಲ್ಲಾಪುರ-ವಿಜಯಪುರ ರೈಲು ದಾರಿಯ ನಿಂಬಾಳದಲ್ಲಿ ರಾನಡೆಯವರು ಮನೆ ಮಾಡಿಕೊಂಡು, ಅಲಹಾಬಾದಿನಿಂದ ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಬರುತ್ತಿದ್ದರು. 1946ರಲ್ಲಿ ನಿವೃತ್ತರಾದ ಮೇಲೆ ಅಲ್ಲೇ ಉಳಿದರು, 1957ರ ಜೂನ್ 6ರಂದು ಅಲ್ಲೇ ತೀರಿಕೊಂಡರು. 1933ರಲ್ಲಿ ಪ್ರಕಟವಾದ, ಮಹಾರಾಷ್ಟ್ರದ ಸಂತರ ಅನುಭಾವ ಕುರಿತ ಅವರ ಗ್ರಂಥವನ್ನೂ, ಅವರು ಹೋದ ಮೇಲೆ ಬಂದ ಕನ್ನಡ ಸಾಹಿತ್ಯದ ಪರಮಾರ್ಥ ಕುರಿತ ಗ್ರಂಥವನ್ನೂ ಓದುವಾಗ ಒಂದು ವಿಶೇಷ ಕಾಣುತ್ತದೆ. ಸಂತರನ್ನು ಅಧ್ಯಯನದ ವಸ್ತುವಾಗಿ ಮೇಜಿನ ಮೇಲೆ ಇಟ್ಟುಕೊಂಡವರ ಧಾಟಿ ಅಲ್ಲಿಲ್ಲ. ಅವರ ಮುಂದೆ ತಾನೂ ಪರೀಕ್ಷೆಗೆ ಕೂತಿರುವವನ ಧಾಟಿ. ಆ ಧಾಟಿ ಫರ್ಗ್ಯೂಸನ್ ಕಾಲೇಜಿನಲ್ಲಿ ಕಲಿತದ್ದಲ್ಲ.

ಇದೇ ಇಂಚಗೇರಿ ಬಳಗದಲ್ಲಿ ಜಗಳವೂ ನಡೆದಿದೆ, ಅದನ್ನು ಮುಚ್ಚಿಡುವುದು ಅನ್ಯಾಯ. ಭಾವುಸಾಹೇಬರು 1914ರಲ್ಲಿ ತೀರಿಕೊಂಡ ನಂತರ ಅವರ ಶಿಷ್ಯ ಸಿದ್ಧರಾಮೇಶ್ವರರು ಇರುವೆಯ ಹಾಗೆ ನಿಧಾನವಾಗಿ ಏರುವ ಧ್ಯಾನದ ದಾರಿಯನ್ನು ಮೀರಿ, ಹಕ್ಕಿಯ ಹಾಗೆ ವಿವೇಕದಿಂದಲೇ ಹಾರಬಹುದು ಎಂದು ಹೊರಟರು. ಗುರುಬಂಧುಗಳು ಒಪ್ಪಲಿಲ್ಲ, ಗುರುವಿನ ಮಾತು ಮೀರುತ್ತಿದ್ದೀರಿ ಎಂದರು. ಸಿದ್ಧರಾಮೇಶ್ವರರು ಆ ಬಳಗದ ಬೆಚ್ಚನೆಯ ಒಪ್ಪಿಗೆಯನ್ನು ಬಿಟ್ಟು ವಿಜಯಪುರದಲ್ಲಿ ಒಬ್ಬರೇ ಸಾಧನೆಗೆ ಕೂತರು. ಅವರ ಶಿಷ್ಯರೇ ಮುಂಬಯಿಯ ಖೇತವಾಡಿಯಲ್ಲಿ ಬೀಡಿ ಅಂಗಡಿ ಇಟ್ಟಿದ್ದ ನಿಸರ್ಗದತ್ತ ಮಹಾರಾಜರು. ದೇಶವಿದೇಶಗಳಿಂದ ಬಂದವರು ಅವರ ಅಟ್ಟದ ಕೋಣೆಯಲ್ಲಿ ನಾಲ್ಕು ಹಿತವಚನ ಕೇಳೋಣ ಎಂದು ಕೂತರೆ ಬೈಸಿಕೊಳ್ಳುತ್ತಿದ್ದರು. ಕೆಲವು ದಿನ ಕೇಳಿದವರಿಗೆ, ಸಾಕು, ಜಾಗ ಖಾಲಿ ಮಾಡಿ, ಬೇರೆಯವರು ಬರಲಿ ಎನ್ನುತ್ತಿದ್ದರು. ತನ್ನ ಸಂಗಕ್ಕೆ ಅಂಟಿಕೊಳ್ಳಲು ಬಿಡದ ಗುರು ವಿರಳ.

ಇನ್ನೊಬ್ಬರು ಕೋಲಾರ ಜಿಲ್ಲೆಯ ಬೆಳ್ಳೂರಿನಿಂದ ಹೊರಟ ಬಿ.ಕೆ.ಎಸ್. ಅಯ್ಯಂಗಾರ್. ಬಾಲ್ಯದಲ್ಲಿ ರೋಗಿಷ್ಠ, ಮೈಸೂರಿನಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಕಠಿಣ ಕೈಯಲ್ಲಿ ಯೋಗ ಕಲಿತವರು. 1937ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಹುಡುಗ, ಡೆಕ್ಕನ್ ಜಿಮಖಾನಾದಲ್ಲಿ ಆರು ತಿಂಗಳು ಕಲಿಸಲು ಪುಣೆಗೆ ಬಂದರು. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಎದುರಿಗೆ ನಿಂತವರು ತನಗಿಂತ ದೊಡ್ಡವರು, ಗಟ್ಟಿ ಮೈಯವರು, ಕಾಲೇಜು ಓದುವವರು. ಮೈಸೂರಿಗೆ ಮರಳಿದ್ದರೆ ಭಾಷೆಯೂ ಇತ್ತು, ಬಂಧುಗಳೂ ಇದ್ದರು. ಮರಳಲಿಲ್ಲ. ಅರೆಹೊಟ್ಟೆಯಲ್ಲಿ ದಿನಕ್ಕೆ ಹಲವು ಗಂಟೆ ಅಭ್ಯಾಸ ಮಾಡಿದರು. ಒಂದೊಂದು ಆಸನದಲ್ಲೂ ಕಾಲ್ಬೆರಳಿನವರೆಗೆ ಅವರು ಸಾಧಿಸಿದ ಆ ಸೂಕ್ಷ್ಮತೆ, ಪ್ರಶ್ನೆ ಕೇಳುವ ಅಪರಿಚಿತರ ನಡುವೆ ಬದುಕಬೇಕಾದ ಮನುಷ್ಯನ ಗಳಿಕೆ ಎಂದೇ ನನ್ನ ನಂಬಿಕೆ. ಗುರುಗಳೇ ಬೇಡ ಎಂದು ಜಗತ್ತಿಗೆಲ್ಲ ಸಾರಿದ ಜೆ. ಕೃಷ್ಣಮೂರ್ತಿಯವರೂ ವರ್ಷಗಟ್ಟಲೆ ಅವರ ಬಳಿ ಆಸನ ಕಲಿತರು.

ಅಯ್ಯಂಗಾರರ ಪಾಠದಲ್ಲಿ ಗದರಿಕೆ ಇತ್ತು, ಚಪ್ಪಡಿಯಂಥ ಅಂಗೈಯ ಏಟೂ ಇತ್ತು. ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳಿಗೆ ಹೊಡೆ, ಒದೆ, ಬಾರಿಸು ಎಂದು ಅರ್ಥ ಹಚ್ಚಿ ಶಿಷ್ಯರೇ ನಗುತ್ತಿದ್ದರು. ಅದನ್ನು ಕರುಣೆ ಎಂದು ನೆನೆಯುವವರಿದ್ದಾರೆ, ಸಹಿಸದೆ ಬಿಟ್ಟುಹೋದವರೂ ಇದ್ದಾರೆ. ಗುರುವಿನ ಕೈಯಲ್ಲಿ ತಾನು ಅನುಭವಿಸಿದ್ದನ್ನು ಶಿಷ್ಯರಿಗೂ ದಾಟಿಸಿದರು ಎನ್ನುವ ವಿಮರ್ಶೆಯನ್ನು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಒಳ್ಳೆಯ ಸಂಗ ನೋಯಿಸಬಹುದು ಎಂದು ಒಪ್ಪಿದ ಕೂಡಲೇ, ನೋಯಿಸುವುದೆಲ್ಲ ಒಳ್ಳೆಯ ಸಂಗ ಎಂಬ ತಲೆಕೆಳಗಾದ ತರ್ಕ ಹಿಂದೆಯೇ ಬಂದು ನಿಲ್ಲುತ್ತದೆ.

ಆ ತರ್ಕದ ತುದಿಯನ್ನೂ ಪುಣೆ ಕಂಡಿದೆ. 1974ರಲ್ಲಿ ಕೋರೆಗಾಂವ್ ಪಾರ್ಕಿಗೆ ಬಂದ ರಜನೀಶರ ಆಶ್ರಮದಲ್ಲಿ, ಅಹಂಕಾರ ಮುರಿಯುವ ಹೆಸರಿನಲ್ಲಿ ನಡೆದ ಗುಂಪು ಚಿಕಿತ್ಸೆಗಳಲ್ಲಿ ಹೊಡೆದಾಟವೂ ಸೇರಿತು, ಗಾಯಗಳಾದವು. 1979ರಲ್ಲಿ ಆಶ್ರಮವೇ ಅದನ್ನು ನಿಲ್ಲಿಸಿದೆ ಎಂದು ಹೇಳಬೇಕಾಯಿತು. ಅಮೆರಿಕದ ಒರೆಗಾನ್‌ಗೆ ಹೋದ ಮೇಲೆ 1984ರಲ್ಲಿ ಆಶ್ರಮದ ಕೆಲವರು ಸುತ್ತಲಿನ ಊರಿನವರ ಆಹಾರಕ್ಕೆ ರೋಗಾಣು ಬೆರೆಸುವ ತನಕ ಹೋದರು, 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಮುಖಂಡರು ಜೈಲಿಗೆ ಹೋದರು. ಅಲ್ಲಿದ್ದವರಲ್ಲಿ ಬಹುಪಾಲು ಜನ ತಮ್ಮ ಹಿತದ ಬದುಕನ್ನು ಬಿಟ್ಟು ಬಂದ ಪ್ರಾಮಾಣಿಕರೇ. ಮನೆ, ಕೆಲಸ, ಊರು ಬಿಟ್ಟ ತ್ಯಾಗದ ಬಲದ ಮೇಲೆಯೇ, ತಾವು ಸೇರಿದ್ದು ಒಳ್ಳೆಯ ಸಂಗ ಎಂದು ನಂಬಿದರು. ಕಷ್ಟಪಟ್ಟು ಸೇರಿದ ಸಂಗ ಬೇಗ ಹಿತವಾಗುತ್ತದೆ. ಎಲ್ಲರದೂ ಒಂದೇ ಬಣ್ಣದ ಬಟ್ಟೆ, ಒಂದೇ ನಗು, ಹೊರಗಿನವರೆಲ್ಲ ನಿದ್ದೆಯಲ್ಲಿರುವವರು. ಅಲ್ಲಿ ಇಲ್ಲದೆ ಹೋದದ್ದು ದಂಡ ಎತ್ತಿದ ಮೇಲೂ ತಾಳ ಬಡಿಯುವ ಹಕ್ಕು.

ಹಿತವಾದ ಸಂಗವನ್ನು ನಾನು ಹೀಗಳೆಯುತ್ತಿಲ್ಲ. ಸಾವಿನ ಮನೆಯಲ್ಲಿ ಬೇಕಾದದ್ದು ಪಕ್ಕದಲ್ಲಿ ಸುಮ್ಮನೆ ಕೂರುವವನು, ತಲೆ ತಟ್ಟುವ ಗೋರೋಬಾ ಅಲ್ಲ. ಪರಊರಿಗೆ ಬಂದವನಿಗೆ ತನ್ನ ಭಾಷೆಯ ನಾಲ್ಕು ಜನ ಸಿಕ್ಕರೆ ಅದೇ ದೊಡ್ಡದು. ಪುಣೆಯ ಕನ್ನಡಿಗರು ಅದನ್ನು ಚೆನ್ನಾಗಿ ಕಟ್ಟಿಕೊಂಡಿದ್ದಾರೆ. ಕನ್ನಡ ಸಂಘ ಇದೆ, ಅದು ನಡೆಸುವ ಶಾಲೆಗಳಿವೆ. ಫರ್ಗ್ಯೂಸನ್ ಕಾಲೇಜು ರಸ್ತೆಯಲ್ಲಿ ಕರಾವಳಿಯ ಶೆಟ್ಟರು ಕಟ್ಟಿದ ವೈಶಾಲಿ, ರೂಪಾಲಿಗಳಲ್ಲಿ ಅದೇ ಮೇಜಿಗೆ ಅದೇ ಗೆಳೆಯರು ವರ್ಷಾನುಗಟ್ಟಲೆ ಬಂದು ಕಾಫಿ ಕುಡಿಯುತ್ತಾರೆ. ಗಣೇಶ ಹಬ್ಬ, ರಾಜ್ಯೋತ್ಸವ, ದಾಸರ ಪದಗಳ ಸಂಜೆ. ಇವುಗಳಲ್ಲಿ ತಪ್ಪೇನೂ ಇಲ್ಲ. ಆದರೆ ನಾವು ನಾವೇ ಸೇರಿ ದಾಸರ ಪದ ಹಾಡಿ, ನಾವೇ ಚಪ್ಪಾಳೆ ತಟ್ಟಿ, ಪ್ರಸಾದ ತಿಂದು ಮನೆಗೆ ಬಂದು ಅದನ್ನು ಸತ್ಸಂಗ ಎಂದು ಕರೆದುಕೊಳ್ಳುವಾಗ ಸ್ವಲ್ಪ ಸಂಕೋಚ ಇರಬೇಕು. ಅಲ್ಲಿ ಯಾರೂ ಯಾರ ತಲೆಯನ್ನೂ ತಟ್ಟುವುದಿಲ್ಲ. ತಟ್ಟಿದರೆ ಮುಂದಿನ ವಾರ ಬರುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಹಿಂಜವಡಿ, ಮಗರಪಟ್ಟದ ಕಂಪನಿಗಳ ಹುಡುಗ ಹುಡುಗಿಯರು ಐಟಿ ದಿಂಡಿ ಎಂದು ಆಳಂದಿಯಿಂದ ಪುಣೆಯವರೆಗೆ ಒಂದು ದಿನ ನಡೆಯುತ್ತಾರೆ. ಕನ್ನಡದ ಹುಡುಗರೂ ಅದರಲ್ಲಿ ಇರುತ್ತಾರೆ. ನಡೆಯಲಿ, ಒಳ್ಳೆಯದೇ. ಒಂದೇ ತಕರಾರು: ದಿನವಿಡೀ ಆಫೀಸಿನಲ್ಲಿ ನೋಡುವ ಮುಖಗಳ ಜೊತೆಯಲ್ಲೇ ಅಲ್ಲೂ ನಡೆಯುವುದು, ಸಂಜೆ ಗಾಡಿ ಹತ್ತಿ ಮನೆಗೆ ಬರುವುದು. ಪುಣೆಯಿಂದ ಮುಂದಿನ ಮಜಲು ಸಾಸವಡ, ದಿವೆ ಘಾಟಿನ ಏರು. ಹಳ್ಳಿಯ ದಿಂಡಿಗಳು ಊಟದ ಖರ್ಚಿಗೆ ಇಂತಿಷ್ಟು ಎಂದು ತೆಗೆದುಕೊಂಡು, ಗಂಟುಮೂಟೆಗೆ ಲಾರಿಯಲ್ಲಿ ಜಾಗ ಕೊಟ್ಟು ಹೊಸಬರನ್ನು ಸೇರಿಸಿಕೊಳ್ಳುತ್ತವೆ. ಬೆಳಗಾವಿ, ಬೀದರ್ ಕಡೆಯಿಂದ ಬರುವ ವಾರಕರಿಗಳೂ ಇರುತ್ತಾರೆ, ಭಾಷೆಗೆ ತೊಂದರೆಯಿಲ್ಲ. ಘಾಟಿ ಹತ್ತುವಾಗ ಪಕ್ಕದಲ್ಲಿ ಯಾರು ಬರುತ್ತಾರೆ ಎಂಬುದನ್ನು ಮಾತ್ರ ನಾವು ತೀರ್ಮಾನಿಸುವಂತಿಲ್ಲ.